ಹೆಂಗಸರ ಬೆಂಚು ಕಾದವರು

"ಹೆಂಗಸ್ರು ಲೈಬ್ರರಿಗೆ ಬಂದು ಕುಂದ್ರೋದಾ? ಈ ಊರಾಗೆ ಅದು ಆಗೋ ಮಾತಲ್ಲ" ಅಂದವರು ಚಳ್ಳಕೆರೆಯ ನಮ್ಮ ಶಾಖಾ ಗ್ರಂಥಾಲಯದ ಸಲಹಾ ಸಮಿತಿಯ ಅಧ್ಯಕ್ಷರು. "ನಿನ್ ಮಗಳು ಡಿಗ್ರಿ ಮಾಡೋದಾ? ಆಗೋ ಮಾತಲ್ಲ ಬಿಡು" ಎಂದು ಅಪ್ಪನಿಗೆ ಹೇಳಿದವರು ನಮ್ಮ ದೊಡ್ಡಪ್ಪ. ಇಬ್ಬರ ಮಾತನ್ನೂ ಸುಳ್ಳು ಮಾಡಿದ ಒಬ್ಬ ಹೆಂಗಸು ಹೋದ ವಾರ ಹಲ್ಲುನೋವಿನ ನಡುವೆ ನೆನಪಾದರು. ಡಾಕ್ಟರು ಹತ್ತಿಗೆ ಲವಂಗದ ಎಣ್ಣೆ ಅದ್ದಿ ದವಡೆ ಹಲ್ಲಿನ ಸಂದಿಗೆ ಒತ್ತಿದರು. ಆ ವಾಸನೆ ಮೂಗಿಗೆ ಏರಿದ್ದೇ ತಡ, ಉದ್ದನೆಯ ಮರದ ಬೆಂಚು, ಗೋಡೆಯ ಮೇಲೆ 'ಮೌನವಾಗಿರಿ' ಎಂಬ ಬೋರ್ಡು, ಪಕ್ಕದಲ್ಲಿ ಬಾಯಿ ಬಿಗಿಹಿಡಿದು ಕೂತ ಆ ಅಮ್ಮ... ನೋವು ಜಾಸ್ತಿಯಾಯಿತೇನೋ ಎಂದು ಡಾಕ್ಟರು ಕೈ ಹಿಂದೆ ತೆಗೆದರು.

ಊರಲ್ಲಿ ಎಲ್ಲರೂ ಅವರನ್ನು ಕಮಿಟಿ ಅಮ್ಮ ಎನ್ನುತ್ತಿದ್ದರು. ಗಂಡನಿಗೆ ಪೇಟೆಯಲ್ಲಿ ಎಣ್ಣೆ ಅಂಗಡಿ. ಮಕ್ಕಳಿರಲಿಲ್ಲ. ಸಮಿತಿಯಲ್ಲಿ ಒಬ್ಬ ಹೆಂಗಸು ಇರಲಿ ಎಂದು ಯಾರೋ ಅವರ ಹೆಸರು ಸೇರಿಸಿದ್ದರು. ಹೇಗೂ ಸಭೆಗೆ ಬರುವುದಿಲ್ಲ, ಕಾಗದ ಮನೆಗೇ ಕಳಿಸಿ ಸಹಿ ಹಾಕಿಸಿಕೊಂಡರಾಯಿತು ಎಂಬ ಎಣಿಕೆ. ಇವರು ಮೊದಲ ಸಭೆಗೇ ಬಂದು, ಪೇಪರ್ ಓದುವ ಕೋಣೆಯಲ್ಲಿ ಒಂದು ಬೆಂಚನ್ನು ಹೆಂಗಸರಿಗೆ ಬಿಡಬೇಕು ಎಂದು ಹಟ ಹಿಡಿದರಂತೆ. ಇದನ್ನೆಲ್ಲ ಗ್ರಂಥಪಾಲಕರು ನನಗೆ ಆಮೇಲೆ ಹೇಳಿದ್ದು. ಅಧ್ಯಕ್ಷರು ಶೇಂಗಾ ಮಂಡಿಯವರು, ಚೌಕಾಸಿ ಬಲ್ಲವರು. ಯುಗಾದಿಯವರೆಗೆ ಬಿಡೋಣ, ಅಷ್ಟರೊಳಗೆ ಯಾರೂ ಬರದಿದ್ದರೆ ಬೆಂಚು ಗಂಡಸರಿಗೆ ವಾಪಸ್ ಎಂದು ತೀರ್ಮಾನ ಬರೆಸಿದರು.

ಬೆಂಚು ಖಾಲಿ ಕಾಣಬಾರದೆಂದು ಅಮ್ಮ ತಾವೇ ಸಂಜೆ ಸಂಜೆ ಬಂದು ಕೂರತೊಡಗಿದರು. ಅದಕ್ಕೂ ಅಧ್ಯಕ್ಷರ ಬಳಿ ಉತ್ತರವಿತ್ತು. "ಅಮ್ಮಾರೆ, ನೀವು ಸಮಿತಿಯೋರು. ನೀವು ಕುಂತ್ರೆ ಅದು ಲೆಕ್ಕಕ್ಕಿಲ್ಲ. ಓದೋರು ಬರ್ಬೇಕು."

ಓದುವವರನ್ನು ಹುಡುಕಿಕೊಂಡು ಅವರು ನಮ್ಮ ಬೀದಿಗೆ ಬಂದರು.

ನಾನಾಗ ಪಿಯುಸಿ ಮುಗಿಸಿದ್ದೆ. ಕಾಲೇಜಿಗೆ ಕಳಿಸುವುದು ಮನೆಯಲ್ಲಿ ಆಗದು ಎಂದಾದ ಮೇಲೆ ಅಂಚೆ ಮೂಲಕ ಬಿ.ಎ.ಗೆ ಸೇರಿದ್ದೆ. ಅಪ್ಪ ಮಂಡಿಯಲ್ಲಿ ಹಮಾಲಿ. ಅವ್ವನೂ ನಾನೂ ಬೆಳಗ್ಗೆ ಶೇಂಗಾ ಕಾಳು ಆರಿಸುವ ಕೂಲಿಗೆ ಹೋಗುತ್ತಿದ್ದೆವು. ಇದ್ದದ್ದು ಒಂದು ಕೋಣೆ. ಅಡುಗೆ, ನಿದ್ದೆ, ಜಗಳ ಎಲ್ಲ ಅದರಲ್ಲೇ. ನನಗೆ ಬೇಕಾದ ಪುಸ್ತಕಗಳು ಗ್ರಂಥಾಲಯದಲ್ಲಿದ್ದವು. ಅವನ್ನು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಓದಬೇಕಿತ್ತು. ಅಲ್ಲಿ ಕೂರುವುದೆಂದರೆ ಗಂಡಸರ ನಡುವೆ. ಅಪ್ಪ ಒಪ್ಪಿರಲಿಲ್ಲ.

ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ ನಮ್ಮನ್ನು ಆ ಅಮ್ಮ ಕೇಳಿದರು: "ಇಲ್ಲಿ ಓದೋ ಹುಡ್ಗಿ ಯಾವ್ದಾರ ಐತೇನ್ರೇ?" ಕಳೆದುಹೋದ ಎಮ್ಮೆಯನ್ನು ವಿಚಾರಿಸಿದ ಹಾಗಿತ್ತು. ಅವ್ವ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು. "ಇದೊಂದೈತೆ ನೋಡ್ರಿ ಅಮ್ಮಾರೆ. ಓದಾಕೆ ಕುಂತ್ರೆ ಒಲೆ ಮ್ಯಾಲೆ ಅನ್ನ ಸೀದ್ರೂ ಗೊತ್ತಾಗಲ್ಲ ಇದಕ್ಕೆ."

ಅವತ್ತು ಅಪ್ಪ ಒಂದು ಷರತ್ತು ಹಾಕಿ ಒಪ್ಪಿದ. "ಆ ಅಮ್ಮಾರು ಪಕ್ದಾಗೆ ಕುಂತಿದ್ರೆ ಓದು. ಅವ್ರು ಎದ್ರೆ ನೀನೂ ಎದ್ದು ಬಂದ್ಬಿಡು." ನನ್ನ ಡಿಗ್ರಿ ಹೀಗೆ ಅವರು ಕೂರುವುದರ ಮೇಲೆ ನಿಂತಿತು. ಅವರ ಬೆಂಚು ನನ್ನ ಮೇಲೆ ನಿಂತಿತು.

ಆ ಅಮ್ಮನಿಗೆ ಓದು ಅಷ್ಟಕ್ಕಷ್ಟೇ. ವಾರಪತ್ರಿಕೆಯ ಒಂದೇ ಪುಟ ಸಂಜೆಯೆಲ್ಲ ಅವರ ತೊಡೆಯ ಮೇಲೆ ತೆರೆದಿರುತ್ತಿತ್ತು. ಮಾತು ಮಾತ್ರ ಊಟದಷ್ಟೇ ಬೇಕು. ಬೀದಿಯಲ್ಲಿ ಹೋಗುವ ಸೊಪ್ಪಿನವಳನ್ನು ನಿಲ್ಲಿಸಿ ಅವಳ ತವರಿನ ಸುದ್ದಿಯನ್ನೆಲ್ಲ ಕೇಳುವಂಥವರು. ಮೊದಲ ದಿನ ಗ್ರಂಥಾಲಯದಲ್ಲೂ ನನ್ನನ್ನು ಏನೇನೋ ಕೇಳಲು ಶುರು ಮಾಡಿದರು. ಎದುರು ಬೆಂಚಿನ ಪೇಪರಿನ ಮರೆಯಿಂದ ಒಂದು ದನಿ ಬಂತು: "ಇದಕ್ಕೇ ಹೇಳಿದ್ದು, ಹೆಂಗಸ್ರನ್ನ ಬಿಟ್ರೆ ಸಂತೆ ಆಗ್ತೈತೆ ಅಂತ."

ಮರುದಿನ ಅವರು ಸೆರಗಿನ ಗಂಟಿನಲ್ಲಿ ಲವಂಗ ತಂದಿದ್ದರು. ಬಾಗಿಲಲ್ಲೇ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮಿಟುಕಿಸಿದರು. "ಇದು ಬಾಯಾಗಿದ್ರೆ ಮಾತು ಬರಲ್ಲ ಕಣೆ. ನೀನು ಓದ್ಕ." ಅವತ್ತಿನಿಂದ, ದೀಪ ಹಚ್ಚುವ ಹೊತ್ತಿಗೆ ನಾನು ಪುಸ್ತಕ ಮುಚ್ಚುವ ತನಕ ಅವರು ಒಂದು ಮಾತೂ ಆಡುತ್ತಿರಲಿಲ್ಲ. ನಾನು ಪುಟ ತಿರುವುತ್ತಿದ್ದೆ, ಅವರು ಬೀದಿ ನೋಡುತ್ತಿದ್ದರು. ಆಗಾಗ ಲವಂಗದ ವಾಸನೆ...

ಯುಗಾದಿ ಬಂತು, ಹೋಯಿತು. ಬೆಂಚು ಉಳಿಯಿತು. ನಡುನಡುವೆ ಬೇರೆ ಹೆಂಗಸರೂ ಬಂದು ಪತ್ರಿಕೆಯ ಚಿತ್ರ ನೋಡಿ ಹೋಗುತ್ತಿದ್ದರು. ಕೊನೆಗೆ ಉಳಿಯುತ್ತಿದ್ದುದು ನಾವಿಬ್ಬರೇ.

ಅಮ್ಮನ ಬೀದಿಯ ಹೆಂಗಸರು ಸಂಜೆ ಒಂದು ಜಗಲಿಯ ಮೇಲೆ ಸೇರಿ ಚೌಕಾಬಾರ ಆಡುತ್ತಿದ್ದರು. ಬೆಂಚಿಗೆ ಬರುವ ಮೊದಲು ಆ ಜಗಲಿಯಲ್ಲಿ ಇವರದೇ ದರ್ಬಾರು. ಒಂದು ಸಲ ದಾರಿಯಲ್ಲಿ ಸಿಕ್ಕರೆಂದು ಅವರ ಜೊತೆಯೇ ಆ ಬೀದಿ ಹಾದು ಗ್ರಂಥಾಲಯಕ್ಕೆ ಹೊರಟಿದ್ದೆ. ಜಗಲಿಯ ಮೇಲಿಂದ ಒಬ್ಬಾಕೆ ಕೂಗಿದಳು: "ಏನಕ್ಕಾ, ಈ ವರ್ಷನಾದ್ರೂ ಪಾಸಾಗ್ತೀಯೋ ಇಲ್ವೋ?" ಉಳಿದವರು ಕಿಸಕ್ಕೆಂದರು. "ನಿನ್ ಮೊಮ್ಮಗನ ಪಕ್ದಾಗೆ ಕುಂತು ಕಾಪಿ ಹೊಡೀತೀನಿ ಬಿಡೇ" ಎಂದು ಇವರೂ ನಕ್ಕರು. ಆದರೆ ಅವರು ಕೂರುತ್ತಿದ್ದ ಮೂಲೆಯಲ್ಲಿ ಬೇರೆ ಯಾರೋ ಕೂತು ಕವಡೆ ಕುಲುಕುತ್ತಿದ್ದರು. ಅಮ್ಮನ ನಡಿಗೆ ನಿಧಾನವಾಯಿತು. ಆಟದ ಮನೆಗಳನ್ನು ಕತ್ತು ಚಾಚಿ ನೋಡಿದರು. ಯಾರೂ ಸರಿದು ಜಾಗ ಮಾಡಲಿಲ್ಲ. ಕವಡೆ ಬಿದ್ದವು, ಎಲ್ಲರ ಕಣ್ಣೂ ಅತ್ತ ಹೋಯಿತು. ಗ್ರಂಥಾಲಯ ಇನ್ನೂ ದೂರವಿದ್ದರೂ ಅಮ್ಮ ಅಲ್ಲೇ ಸೆರಗಿನ ಗಂಟು ಬಿಚ್ಚಿ ಲವಂಗ ಬಾಯಿಗೆ ಹಾಕಿಕೊಂಡರು.

ನಾನು ಕೊನೆಯ ವರ್ಷದಲ್ಲಿದ್ದಾಗ ಸಮಿತಿಯ ಅವಧಿ ಮುಗಿಯಿತು. ಹೊಸ ಸಮಿತಿಗೂ ಅಧ್ಯಕ್ಷರು ಅವರೇ. ಅಮ್ಮನ ಹೆಸರಿರಲಿಲ್ಲ. ಇನ್ನು ಬೆಂಚು ತೆಗೆಸುತ್ತಾರೆ ಎಂಬ ಸುದ್ದಿಯನ್ನು ಮಂಡಿಯಿಂದ ಅಪ್ಪನೇ ತಂದ. "ಆ ಅಮ್ಮಾರೇ ಇಲ್ಲ ಅಂದ್ಮ್ಯಾಕೆ ನೀನೂ ಸಾಕ್ ಮಾಡು" ಅಂದ. ಆ ವರ್ಷದ ಓದು ಅರ್ಧವೂ ಆಗಿರಲಿಲ್ಲ. ಅವ್ವ ಮೊರ ಕೈಗೆತ್ತಿಕೊಂಡಳು. ಮಾರನೆಯ ಸಂಜೆ, ಆ ಜಾಗವನ್ನು ಕೊನೆಯ ಸಲ ನೋಡಿ ಬರೋಣವೆಂದು ಹೋದೆ.

ಅವರು ಬೆಂಚಿನ ನಟ್ಟನಡುವೆ ಕೂತಿದ್ದರು. ತೊಡೆಯ ಮೇಲೆ ಅದೇ ವಾರಪತ್ರಿಕೆ. ಎದುರಿಗೆ ಅಧ್ಯಕ್ಷರು ನಿಂತಿದ್ದರು.

"ಅಮ್ಮಾರೆ, ಸಮಿತಿ ಬದ್ಲಾತು. ನಿಮ್ಗೆ ಗೊತ್ತಾಗಿಲ್ವೇನೋ."

ಅಮ್ಮ ಬಾಯಲ್ಲಿದ್ದ ಲವಂಗವನ್ನು ಅಂಗೈಗೆ ತೆಗೆದುಕೊಂಡರು. "ಗೊತ್ತಾತು. ನಾನೀಗ ಸಮಿತಿಯೋಳಲ್ಲ, ಓದೋಳು. ಬೆಳಿಗ್ಗೆ ಕಾರ್ಡ್ ಮಾಡ್ಸಿದೀನಿ. ಓದೋರು ಲೆಕ್ಕಕ್ಕೆ ಬರ್ತಾರೆ ಅಂದೋರು ನೀವೇ ಅಲ್ವಾ? ಎಬ್ಸಿ ನೋಡಾನ." ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಒಂದಿಷ್ಟು ಸರಿದು ಜಾಗ ಮಾಡಿದರು. "ಬಾರೇ. ತಡ ಆತು ನಿಂದು."

ಪೇಪರ್ ಓದುವವರು ನಕ್ಕುಬಿಟ್ಟರು, ಗ್ರಂಥಪಾಲಕರೂ. ಅಧ್ಯಕ್ಷರು ಆಮೇಲೆ ಆ ಸುದ್ದಿ ಎತ್ತಲಿಲ್ಲ. ಅಮ್ಮ ಲವಂಗವನ್ನು ಮತ್ತೆ ಬಾಯಿಗೆ ಹಾಕಿಕೊಂಡರು, ನನ್ನ ಪರೀಕ್ಷೆ ಮುಗಿಯುವ ತನಕ ಹಾಗೇ ಕೂತರು.

ಪರೀಕ್ಷೆಯಾದ ಮೇಲೆ ಮೊಳಕಾಲ್ಮುರಿನ ಒಂದು ಖಾಸಗಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಹೊರಡುವ ಮುನ್ನ ಗ್ರಂಥಾಲಯದ ಮೆಟ್ಟಿಲ ಮೇಲೆ ಅವರು ಹೇಳಿದರು: "ಸರ್ಟಿಫಿಕೇಟ್ ಬರ್ಲಿ, ತಗಂಡು ಮನೆಗೇ ಬಾ. ನಮ್ಮನ್ಯಾಗೆ ಬೋರ್ಡಿಲ್ಲ. ಕುಂತು ಮಾತಾಡಾನ. ಭಾಳ ಐತೆ."

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಸಂಜೆ ಮಗ್ಗ ನಿಂತ ಮೇಲೆ ಆ ಮನೆಯವರು ತಮ್ಮೊಳಗೆ ತೆಲುಗಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ನನಗೆ ಅಲ್ಲೊಂದು ಇಲ್ಲೊಂದು ಪದ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ಯಾರೂ ಕೂರದೆ ಓದುವುದು ಅಭ್ಯಾಸವಾಗಲು ನನಗೆ ಬಹಳ ಕಾಲ ಹಿಡಿಯಿತು.

ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು; ಇದನ್ನು ಬರೆಯಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆದರೆ ಪ್ರಮಾಣಪತ್ರ ಬರುವ ಮೊದಲೇ ಅಮ್ಮ ತೀರಿಕೊಂಡಿದ್ದರು. ನನಗೆ ಯಾರೂ ತಿಳಿಸಲಿಲ್ಲ. ತಿಳಿಸಲು ನಾನು ಅವರಿಗೆ ಏನಾಗಬೇಕಿತ್ತು? ರಜೆಗೆ ಊರಿಗೆ ಬಂದಾಗ ಅವ್ವ ಹೇಳಿದಳು.

ಗ್ರಂಥಾಲಯ ಈಗ ಬೇರೆ ಕಟ್ಟಡದಲ್ಲಿದೆ. ಹುಡುಗಿಯರು ಎಲ್ಲಿ ಬೇಕಾದರೂ ಕೂರುತ್ತಾರೆ, ಬೆಂಚಿನ ಮಾತನ್ನು ಅವರಿಗೆ ಹೇಳಿದರೆ ನಗುತ್ತಾರೆ. ಆ ಅಮ್ಮನ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ... ಸರಿಯಾಗಿ ಸಿಗುವುದಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕೂತೂ ನಾನು ಕೇಳಿದ್ದು ಬಲು ಕಡಿಮೆ. ಅದಕ್ಕೇ ಅವರ ಮನೆಗೆ ಹೋದ ದಿನ ನನ್ನನ್ನು ಬಿಟ್ಟಿಲ್ಲ.

ಪ್ರಮಾಣಪತ್ರ ಬಂದಾಗ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, "ಮೊದ್ಲು ಕಮಿಟಿ ಅಮ್ಮಾರ ಮನೆಗೆ ತಗಂಡ್ಹೋಗು" ಅಂದಿದ್ದಳು. ಹೋದೆ. ಅವರ ಯಜಮಾನರು ಒಬ್ಬರೇ ಇದ್ದರು. ನಾನು ಯಾರೆಂದು ಹೇಳಿ, ಅದನ್ನು ಅವರ ಕೈಗೆ ಕೊಟ್ಟೆ. ಅವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡರು. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಓದಿದ ಮೇಲೂ ವಾಪಸ್ ಕೊಡಲಿಲ್ಲ. ನನಗೊಂದು ಚಾಪೆ ತೋರಿಸಿ, ತಾವೂ ಎದುರಿಗೆ ಕೂತರು.

"ನಂಗೆ ಮೊದ್ಲಿಂದಾನೂ ಮಾತು ಕಮ್ಮಿ ಕಣಮ್ಮ. ಲೈಬ್ರರಿಯಾಗೆ ಒಂದು ಹುಡ್ಗಿ ಐತೆ, ಸಂಜೆಯೆಲ್ಲಾ ಇಬ್ರೂ ಮಾತಾಡ್ತಾ ಕುಂತಿರ್ತೀವಿ ಅಂತಿದ್ಲು. ಸದ್ಯ, ಅಷ್ಟಾದ್ರೂ ಆತಲ್ಲ ಅಂತ ನಾನೂ ಸುಮ್ನಿದ್ದೆ. ಏನೇನ್ ಮಾತಾಡ್ತಿದ್ಲು? ಒಂದೆರ್ಡು ಹೇಳು, ಕೇಳ್ತೀನಿ."