ಇರ್ಮೀನಾ ಹುಡುಕಿದ ಹಗುರ ಗಾಡಿ

ಕುಟ್ನೊ ಊರಿನ ಹಲ್ಲಿನ ಆಸ್ಪತ್ರೆಯಲ್ಲಿ ಇರ್ಮೀನಾ ನರ್ಸ್ ಆಗಿದ್ದಳು. ಜಾಸ್ತಿ ಮಾತಿನವಳಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರ ಕೈ ಹಿಡಿದುಕೊಂಡು "ಆಯ್ತು, ಆಗೇ ಹೋಯ್ತು" ಎನ್ನುವಳು. ಊರಿನ ಎಷ್ಟೋ ಜನಕ್ಕೆ ಅವಳ ಮುಖಕ್ಕಿಂತ ಆ ದನಿಯೇ ಪರಿಚಯ. ಅವಳ ಗಂಡ ವಿಟೆಕ್ ಕಿಟಕಿ ಬಾಗಿಲು ಕೂರಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದ. ಮನೆಯ ಮಾತು, ನಗು, ಗಲಾಟೆ ಎಲ್ಲವೂ ಅವನದೇ. ಬೇಸಿಗೆಯ ಪ್ರವಾಸವೂ ಅವನದೇ. ಜುಲೈ ಬಂತೆಂದರೆ ಕಂಪನಿಯ ದೊಡ್ಡ ವ್ಯಾನಿನ ಹಿಂದಕ್ಕೆ ಒಳಗೆ ಹಾಸಿಗೆಗಳಿದ್ದ, ಚಕ್ರದ ಮೇಲಿನ ಮನೆಯಂಥ ತಮ್ಮ ಕ್ಯಾರವಾನ್ ಸಿಕ್ಕಿಸಿಕೊಂಡು, ಹೆಂಡತಿ, ಮಗಳು ಯಾಗೋದಾ, ಮಗ ತಿಮೆಕ್, ಮುದುಕ ಅಪ್ಪ ತೆಯೋಫಿಲ್, ಎಲ್ಲರನ್ನೂ ಹೇರಿಕೊಂಡು ಮಜೂರಿಯ ಸರೋವರದ ದಡಕ್ಕೆ ಹೊರಟುಬಿಡುವನು. ಅಲ್ಲಿ ಎರಡು ವಾರ ಮೀನು, ಈಜು, ಪಕ್ಕದ ಗಾಡಿಯವರ ಜೊತೆ ಹರಟೆ. ಇರ್ಮೀನಾ ನಕ್ಷೆ ಹಿಡಿದು ಪಕ್ಕದಲ್ಲಿ ಕೂರುವಳು, ಅಷ್ಟೇ ಅವಳ ಪಾಲು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಯಾರದೋ ಮನೆಯಲ್ಲಿ ಕಿಟಕಿಯ ಚೌಕಟ್ಟು ಹಿಡಿದು ನಿಂತಿದ್ದ ವಿಟೆಕ್, "ಯಾಕೋ ತಲೆ..." ಎಂದು ಮೆಟ್ಟಿಲ ಮೇಲೆ ಕೂತ. ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು. ಅವನಿಗಿನ್ನೂ ಐವತ್ತು ತುಂಬಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕಂಪನಿಯವರು ಸಂಕೋಚದಿಂದಲೇ ಬಂದು ವ್ಯಾನನ್ನು ವಾಪಸ್ ತೆಗೆದುಕೊಂಡು ಹೋದರು. ಕ್ಯಾರವಾನ್ ಮಾತ್ರ ಊರಾಚೆ ಇವರ ತೋಟದ ತುಂಡಿನಲ್ಲಿ ಸೇಬಿನ ಮರದ ಕೆಳಗೆ ನಿಂತೇ ಇತ್ತು. ಮನೆಗೆ ಉಳಿದದ್ದು ಇರ್ಮೀನಾ ಕೆಲಸಕ್ಕೆ ಓಡಿಸುತ್ತಿದ್ದ ಪುಟ್ಟ ಕಾರು.

ಈಸ್ಟರ್ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಿಮೆಕ್ ಕೇಳಿದ. "ಅಮ್ಮಾ, ಈ ಸಲ ಸರೋವರಕ್ಕೆ ಹೋಗ್ತೀವಲ್ಲ?"

"ಹೋಗ್ತೀವಿ," ಎಂದಳು ಇರ್ಮೀನಾ. ಹೇಗೆ ಎಂದು ಯೋಚಿಸಿರಲಿಲ್ಲ. ಬಾಯಿಂದ ಬಂದುಬಿಟ್ಟಿತ್ತು.

ಯಾಗೋದಾ ಚಮಚ ಕೆಳಗಿಟ್ಟಳು. ಹದಿನಾರರ ಹುಡುಗಿ, ಅಪ್ಪನ ಮುಖವನ್ನೇ ಹೊತ್ತು ಹುಟ್ಟಿದವಳು. "ಅಪ್ಪ ಇಲ್ದೆ ಅಲ್ಲಿ ಏನಿದೆ ನಮಗೆ? ನಾನು ಬರಲ್ಲ," ಎಂದು ಎದ್ದುಹೋದಳು.

ಮರುದಿನ ಇರ್ಮೀನಾ ಮಾವನ ಹತ್ತಿರ ಹೋಗಿ, ತನ್ನ ಪುಟ್ಟ ಕಾರಿಗೇ ಕ್ಯಾರವಾನ್ ಕಟ್ಟಿಕೊಂಡು ಹೋಗುವ ವಿಷಯ ಹೇಳಿದಳು. ತೆಯೋಫಿಲ್ ರೈಲ್ವೆಯಲ್ಲಿ ಬೋಗಿ ಜೋಡಿಸುವ ಕೆಲಸದಲ್ಲಿ ಆಯುಷ್ಯ ಸವೆಸಿದವರು. ಯಾವುದಕ್ಕೆ ಏನು ಕಟ್ಟಿದರೆ ಎಳೆದೀತು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಆ ಸೋಪಿನ ಡಬ್ಬಿಗಾ?" ಎಂದರು. "ಅದು ಮಗು ಮಲಗಿಸೋ ತಳ್ಳುಗಾಡಿ ಎಳೀಬಹುದು. ಅದೂ ಮಗು ಇಲ್ದಿದ್ರೆ."

"ಹಗುರದ್ದು ಇರುತ್ತಂತೆ ಮಾವ. ಹುಡುಕೋಣ. ಅವನಿಗೆ ಹೋಗ್ತೀವಿ ಅಂದುಬಿಟ್ಟಿದೀನಿ."

"ಅಂದ್ಬಿಟ್ಟಿದೀಯಾ? ಸರಿ ಹಾಗಾದ್ರೆ," ಎಂದು ಮುದುಕರು ಟೋಪಿ ಹುಡುಕಿದರು.

ಅಂದಿನಿಂದ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಇಬ್ಬರೂ ಗಾಡಿ ಹುಡುಕಲು ಹೊರಡುವರು. ಒಂದೂರಿನಲ್ಲಿ ಕಾರಿನ ತಲೆಯ ಮೇಲೆ ಹತ್ತಿ ಕೂರುವಂಥ ಭಾರಿ ಗಾಡಿ. ಮಾರುವವನು ನಕ್ಕ. "ಏನೂ ಆಗಲ್ಲ ಮೇಡಂ, ಧೈರ್ಯವಾಗಿ ಕಟ್ಕೊಂಡು ಹೋಗಿ. ರಸ್ತೇಲಿ ಯಾರು ತಕ್ಕಡಿ ಇಟ್ಕೊಂಡು ಕೂತಿರ್ತಾರೆ?"

"ಇಳಿಜಾರಲ್ಲಿ ಹಿಂದಿಂದು ಮುಂದಿಂದನ್ನ ನೂಕ್ಕೊಂಡು ಹೋಗುತ್ತಲ್ಲ, ಆಗ ನೀನು ಬಂದು ಹಿಡ್ಕೋತೀಯೇನಪ್ಪಾ?" ಎಂದರು ಮಾವ.

ಇನ್ನೊಂದು ಕಡೆ ಹಗುರವೇನೋ ಹೌದು, ಕಾಲಿಟ್ಟರೆ ನೆಲವೇ ಒದ್ದೆ ಬ್ರೆಡ್ಡಿನ ಹಾಗೆ ಕುಸಿಯುತ್ತಿತ್ತು. ಮತ್ತೊಂದರಲ್ಲಿ ಇಬ್ಬರೇ ಮಲಗಬಹುದು. ಕೊನೆಗೆ ಒಂದು ಭಾನುವಾರ ಎಲ್ಲವೂ ಕೂಡಿಬಂದ ಗಾಡಿ ಸಿಕ್ಕಿತು. ಅಚ್ಚುಕಟ್ಟಾದದ್ದು, ಕಾರು ತಡೆಯುವಷ್ಟೇ ತೂಕ, ಮೂರು ಹಾಸಿಗೆ. ಇರ್ಮೀನಾ ಒಪ್ಪಿಗೆ ಕೊಡುವುದರಲ್ಲಿದ್ದಳು. ಮಾವ ಒಳಗೆ ಹೋಗಿ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು ಹೊರಗೆ ಬಂದರು.

"ಬೇಡ. ಏನೋ ವಾಸನೆ," ಎಂದರು.

ಅವಳ ಮೂಗಿಗೆ ಯಾವ ವಾಸನೆಯೂ ಬಡಿದಿರಲಿಲ್ಲ. ವಾಪಸ್ಸು ಬರುವಾಗ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಭಾರ ಇದ್ರೆ ಭಾರ ಅಂತೀರಿ, ಹಗುರ ಇದ್ರೆ ವಾಸನೆ ಅಂತೀರಿ. ನಾವು ಹೋಗೋದೇ ನಿಮಗೆ ಇಷ್ಟ ಇಲ್ಲ ಅಲ್ವಾ ಮಾವ?"

ಮಾವ ಕಿಟಕಿಯ ಕಡೆ ತಿರುಗಿದರು. ರಸ್ತೆಯ ಆ ಬದಿ ಈ ಬದಿ ಸಾಸಿವೆ ಹೊಲದಂಥ ಹಳದಿ ಹೂವು, ದೂರದವರೆಗೂ.

"ಸಣ್ಣದು ಸಿಕ್ಕಿದ್ರೆ ದೊಡ್ಡದನ್ನ ಮಾರ್ತೀಯಲ್ಲಮ್ಮ ನೀನು."

"ತೋಟದಲ್ಲಿ ಇರೋದು ಒಂದೇ ಜಾಗ ಮಾವ."

"ಗೊತ್ತು. ನಾನೇನು ಇಲ್ಲ ಅಂದ್ನಾ?" ಸ್ವಲ್ಪ ದೂರ ಹೋದ ಮೇಲೆ ತಾವೇ ಮುಂದುವರಿಸಿದರು. "ದಿನಾ ಹೋಗಿ ಅದರೊಳಗೆ ಕೂತ್ಕೋತೀನಿ. ಸಮಾಧಿ ಹತ್ರ ನಿಂತ್ರೆ ನನಗೆ ಏನೂ ಅನ್ಸಲ್ಲ, ಇರ್ಮೀನಾ. ಅಲ್ಲಿರೋದು ಕಲ್ಲು. ಆ ಗಾಡೀಲಿ ಅವನ ಲೋಟ ಇದೆ, ಚಪ್ಪಲಿ ಇದೆ. ಈಗ ಬರ್ತಾನೇನೋ ಅನ್ನೋ ಹಾಗಿದೆ."

ಇರ್ಮೀನಾ ಕಾರನ್ನು ಬದಿಗೆ ನಿಲ್ಲಿಸಿದಳು. ಇಷ್ಟು ವಾರ ಪಕ್ಕದಲ್ಲೇ ಕೂತು ಬಂದ ಮನುಷ್ಯನ ಒಳಗೆ ಏನಿದೆಯೆಂದು ಅವಳು ಕೇಳಿಯೇ ಇರಲಿಲ್ಲ. ತನ್ನ ದುಃಖವೊಂದೇ ಕಣ್ಣು ತುಂಬಿತ್ತು.

"ಹಾಗಾದ್ರೆ ಬಿಟ್ಟುಬಿಡೋಣ ಮಾವ," ಎಂದಳು. "ತಿಮೆಕ್‌ಗೆ ನಾನು ಹೇಳ್ತೀನಿ."

"ಏನು ಹೇಳ್ತೀಯಾ? ಹುಡುಗ ಮೀನಿನ ಗಾಳ ತೊಳೆದು ಇಟ್ಕೊಂಡಿದಾನೆ." ಮಾವ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ನಡಿ, ಹೊತ್ತಾಯ್ತು."

ಮುಂದಿನದನ್ನು ಹುಡುಕಿದ್ದು ಅವರೇ. ಹಳೆಯ ರೈಲ್ವೆ ಗೆಳೆಯನೊಬ್ಬನ ತಂಗಿಯ ಮನೆಯ ಹಿತ್ತಲಲ್ಲಿತ್ತು. ಫೈಬರಿನದು, ಮೊಟ್ಟೆಯಂತೆ ಗುಂಡಗೆ, ಅಪ್ಪಂದಿರ ಕಾಲದಲ್ಲಿ ಆಗಿನ ಪುಟಾಣಿ ಕಾರುಗಳಿಗೆಂದೇ ಮಾಡಿದ್ದು. ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ಮನೆಯಾಕೆ ಪೊರಕೆ ಹಿಡಿದು ಓಡಿಸಿದರೂ ಒಂದು ಬಿಳಿ ಕೋಳಿ ಕಿಟಕಿಯ ಬಳಿಯಿಂದ ಕದಲಲಿಲ್ಲ. ಮಾವ ಸುತ್ತ ಬಂದು, ಬಗ್ಗಿ ಚಕ್ರ ನೋಡಿ, ಮುಂದಿನ ಕೊಕ್ಕೆಯನ್ನು ಕೈಯಲ್ಲೇ ಎತ್ತಿದರು. ಆಮೇಲೆ ಭುಜ ಕೊಟ್ಟು ನೂಕಿದರು. ಗಾಡಿ ಹುಲ್ಲಿನ ಮೇಲೆ ಸರಾಗ ಹೊರಟಿತು, ಬಿಳಿ ಕೋಳಿಯ ಸಮೇತ.

"ಇದಾಗುತ್ತೆ," ಎಂದರು. ಇರ್ಮೀನಾಳ ಮುಖ ನೋಡದೆ ಮತ್ತೊಮ್ಮೆ ಹೇಳಿದರು. "ಇದಾಗುತ್ತಮ್ಮ."

ದೊಡ್ಡ ಗಾಡಿ ಕೊಳ್ಳಲು ಬಂದವರು ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಹಿಂದಿನ ದಿನವೇ ಮಾವ ಅದನ್ನು ತೊಳೆದು, ವಿಟೆಕ್‌ನ ಲೋಟ, ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದರು. ಮಾರುವುದನ್ನು ನೋಡಲು ಬರುವುದಿಲ್ಲ ಎಂದಿದ್ದ ಯಾಗೋದಾ ಅದು ಹೇಗೋ ಬಂದು ಬೇಲಿಯ ಹತ್ತಿರ ನಿಂತಿದ್ದಳು. ಒಳ್ಳೆಯ ಹುಡುಗಿಯೇ ಆ ಮದುಮಗಳು, ಪಾಪ, ಅವಳಿಗೇನು ಗೊತ್ತು? ಒಳಗಿನಿಂದ ಗಂಡನಿಗೆ ಕೂಗಿ ಹೇಳಿದಳು. "ಎಲ್ಲ ಚೆನ್ನಾಗಿದೆ ಕಣೋ. ಈ ಕೊನೇ ಹಾಸಿಗೆ ಮಾತ್ರ ಒಂದೇ ಕಡೆ ಕುಸಿದುಹೋಗಿದೆ. ಇದನ್ನ ಎಸೀಬೇಕು."

ಯಾಗೋದಾ ಬೇಲಿ ದಾಟಿ ಒಳಗೆ ನುಗ್ಗಿದಳು. ಆ ಹಾಸಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ಬಾಗಿಲಿಗೆ ಸಿಕ್ಕಿಹಾಕಿಕೊಂಡಾಗ ಒದ್ದು, ಹೊರಗೆ ಹುಲ್ಲಿನ ಮೇಲೆ ತಂದು ಹಾಕಿ ಅದರ ಮೇಲೆ ಕೂತಳು. ಅಪ್ಪ ಮಲಗುತ್ತಿದ್ದ ತಗ್ಗಿನಲ್ಲೇ ಕೂತಳು. ಸಾವಿನ ದಿನ ಅಳದವಳು ಅಂದು ದನಿ ತೆಗೆದು ಅತ್ತಳು. ಮದುಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. ಇರ್ಮೀನಾ ಹೋಗಿ ಮಗಳ ಪಕ್ಕ ಕೂತಳು. ಆಸ್ಪತ್ರೆಯಲ್ಲಿ ಹೇಳುತ್ತಿದ್ದ "ಆಗೇ ಹೋಯ್ತು" ಎಂಬ ಮಾತು ಬಾಯಿಗೆ ಬರಲಿಲ್ಲ. ಆಗಿಹೋಗಿರಲಿಲ್ಲ, ಅವಳಿಗೆ ಗೊತ್ತಿತ್ತು.

ಹಾಸಿಗೆ ಪುಟ್ಟ ಗಾಡಿಯೊಳಗೆ ಹಿಡಿಸುವಂತಿರಲಿಲ್ಲ. ಕತ್ತರಿಸಲು ಯಾಗೋದಾ ಬಿಡಲಿಲ್ಲ. "ನನ್ನ ಮನೇಲಿರಲಿ ಬಿಡು," ಎಂದು ಮಾವ ಹೊರಿಸಿಕೊಂಡು ಹೋದರು.

ಜುಲೈಯಲ್ಲಿ ಸಾಮಾನು ತುಂಬುವಾಗ ಇನ್ನೊಂದು ಕಷ್ಟ ಎದುರಾಯಿತು. ಗಾಡಿ ಹಗುರವಾದರೂ ಕಾರಿನ ಶಕ್ತಿ ಅಷ್ಟಕ್ಕಷ್ಟೆ. ನೀರಿನ ಡಬ್ಬ ಇಳಿಸಿದರು. ಟೆಂಟಿನ ಕಂಬಗಳನ್ನು ಇಳಿಸಿದರು. ಆಲೂಗಡ್ಡೆಯ ಚೀಲವನ್ನೂ ಇಳಿಸಿದರು. ಕೊನೆಗೆ ಮಾವ ತಮ್ಮ ಪೆಟ್ಟಿಗೆಯನ್ನೇ ಎತ್ತಿ ಪಕ್ಕಕ್ಕಿಟ್ಟರು.

"ಇದ್ಯಾಕೆ ಇಳಿಸಿದ್ರಿ?" ಎಂದಳು ಇರ್ಮೀನಾ.

"ಎಲ್ಲಕ್ಕಿಂತ ಭಾರದ ಸಾಮಾನು ನಾನೇ ಕಣಮ್ಮ."

"ತಮಾಷೆ ಬೇಡ. ರೈಲಿಗೆ ಬನ್ನಿ ಹಾಗಾದ್ರೆ, ನಿಲ್ದಾಣಕ್ಕೆ ನಾನು ಬರ್ತೀನಿ."

"ಬಂದು ಎಲ್ಲಿ ಮಲಗ್ಲಿ? ಟೆಂಟ್ ಇಳಿಸಾಯ್ತು. ಹಾಸಿಗೆ ಮೂರೇ." ಮೊಮ್ಮಗನ ತಲೆ ಸವರಿದರು. "ಟೊಮೇಟೊ ಗಿಡಕ್ಕೆ ಯಾರಾದ್ರೂ ನೀರು ಹಾಕ್ಬೇಕಲ್ಲ. ಹೊರಡಿ, ಬಿಸಿಲೇರುತ್ತೆ."

ಸರೋವರಕ್ಕೆ ಬರಲ್ಲ ಎಂದಿದ್ದ ಯಾಗೋದಾ ಮುಂದಿನ ಸೀಟಿನಲ್ಲಿ ಕೂತು ನಕ್ಷೆ ಬಿಡಿಸಿದಳು. ತಿರುವಿನಲ್ಲಿ ಕನ್ನಡಿ ನೋಡಿದರೆ ಮಾವ ಇನ್ನೂ ದಾರಿಯ ನಡುವೆಯೇ ನಿಂತಿದ್ದರು, ಪೆಟ್ಟಿಗೆ ಕಾಲ ಬಳಿ.

ಇರ್ಮೀನಾ ಲಾರಿಗಳ ಹಿಂದೆಯೇ ನಿಧಾನವಾಗಿ ಓಡಿಸಿದಳು. ಬೆನ್ನು ಬೆವೆತಿತ್ತು, ಬೆರಳು ಮರಗಟ್ಟಿತ್ತು, ಸಂಜೆಯ ಹೊತ್ತಿಗೆ ಸರೋವರ ಮುಟ್ಟಿದರು. ವರ್ಷವೂ ಎದುರಾಗುತ್ತಿದ್ದ ಪಕ್ಕದ ಗಾಡಿಯ ದಪ್ಪ ಮನುಷ್ಯ ಬಿಯರ್ ಬಾಟಲಿ ಎತ್ತಿ ಹಿಡಿದು ಬಂದ. "ಇದೇನು, ಗಾಡಿ ಒಗೆದು ಒಣಹಾಕಿದಾಗ ಕುಗ್ಗಿಹೋಯ್ತಾ? ಎಲ್ಲಿ ನಮ್ಮ ವಿಟೆಕ್?"

ತಿಮೆಕ್ ಉತ್ತರ ಕೊಟ್ಟ. "ಅಪ್ಪ ಸತ್ತುಹೋದ್ರು. ಅದಕ್ಕೇ ಚಿಕ್ಕ ಗಾಡಿ."

ಆ ಮನುಷ್ಯ ಬಾಟಲಿಯನ್ನು ಹುಲ್ಲಿನ ಮೇಲಿಟ್ಟು ಟೋಪಿ ತೆಗೆದ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಬ್ಬಳು ಸೂಪ್ ತಂದಳು, ಇನ್ನೊಬ್ಬ ಬಂದು ಗಾಡಿಯ ಕಾಲುಗಳಿಗೆ ಹಲಗೆ ಕೊಟ್ಟು ಸಮಮಾಡಿದ. ಇಡೀ ದಡವೇ ಆ ಎರಡು ವಾರ ಮೆಲ್ಲಗೆ ಮಾತಾಡಿತು. ಯಾಗೋದಾ ಒಂದೇ ಒಂದು ದಿನ ನೀರಿಗಿಳಿದಳು.

ಹಿಂತಿರುಗಿದ ಸಂಜೆ ಮಾವ ಮೊಮ್ಮಗನಿಂದ ಮೀನಿನ ಕಥೆಯೆಲ್ಲ ಕೇಳಿಸಿಕೊಂಡು, ಮಕ್ಕಳು ಆಚೆ ಹೋದ ಮೇಲೆ ಇರ್ಮೀನಾಳನ್ನು ಕೇಳಿದರು. "ಅಲ್ಲಿ ಯಾರಾದ್ರೂ ಅವನನ್ನ ಕೇಳಿದ್ರಾ?"

"ಎಲ್ರೂ ಕೇಳಿದ್ರು ಮಾವ."

"ಎಲ್ರೂನಾ?" ಅವರು ಎರಡು ಸಲ ತಲೆಯಾಡಿಸಿದರು. ಅಷ್ಟೇ ಬೇಕಾಗಿತ್ತೆಂಬಂತೆ ಎದ್ದು ಹೋದರು.

ಮರುವರ್ಷ ಯಾಗೋದಾ ರಜೆಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಹಿಡಿದಳು. ಒಂದು ಹಾಸಿಗೆ ಖಾಲಿಯಾಯಿತು, ಮಾವ ಬಂದರು. ಅದೇ ಅವರ ಕೊನೆಯ ಬೇಸಿಗೆ. ಆ ಚಳಿಗಾಲದಲ್ಲಿ ನ್ಯುಮೋನಿಯಾ ಅವರನ್ನು ಕರೆದುಕೊಂಡು ಹೋಯಿತು. ಆ ಬೇಸಿಗೆ ಅವರು ಸರೋವರದ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ನಲ್ಲಿಯ ಹತ್ತಿರ ಇರ್ಮೀನಾ ಪಾತ್ರೆ ತೊಳೆಯುವಾಗ ತಾವಾಗಿಯೇ ಹೇಳಿದರು. "ನಾನು ಟೆಂಟಲ್ಲಿ ಮಲಗ್ತಿದ್ದೆನಲ್ಲ, ನೀವೆಲ್ಲ ಏಳೋಕೆ ಮುಂಚೆ ವಿಟೆಕ್ ಕಾಫಿ ತಂದುಕೊಡೋನು. ಏಳು ಮುದುಕಪ್ಪಾ, ಇನ್ನೂ ಬದುಕಿದೀಯಾ ಅನ್ನೋನು. ಇದೀನಿ ಕಣೋ ಅಂತಿದ್ದೆ."

ಮರುದಿನ ಇರ್ಮೀನಾ ಎಲ್ಲರಿಗಿಂತ ಮೊದಲು ಎದ್ದು ಕಾಫಿ ಮಾಡಿದಳು. ಮಾವ ಆಗಲೇ ಎಚ್ಚರವಾಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಲೋಟವನ್ನು ತಲೆಯ ಹತ್ತಿರ ಇಟ್ಟಳು. ವಿಟೆಕ್ ಅನ್ನುತ್ತಿದ್ದ ಆ ಮಾತು ನಾಲಿಗೆಯ ತುದಿಯವರೆಗೆ ಬಂದರೂ ಅವಳಿಂದ ಆಡಲಾಗಲಿಲ್ಲ. ಮಾವ ಸ್ವಲ್ಪ ಹೊತ್ತು ಹಾಗೇ ಕಾದರು. ಆಮೇಲೆ ಈ ಕಡೆ ತಿರುಗಿ, "ಇಷ್ಟು ಬೇಗ ಎದ್ದೆಯಾ ಮಗಳೇ," ಎಂದು ಲೋಟ ತೆಗೆದುಕೊಂಡರು.