ಬ್ರೇಕಿಗೆ ಸಾಕ್ಷಿ

ಹಳಿಯಾಳದ ಆ ಮಿಸ್ತ್ರಿ ಬ್ರೇಕ್ ಪೈಪು ಬದಲಿಸಿದ ಮೇಲೆ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಯದೆ ಯಾರಿಗೂ ಗಾಡಿ ಕೊಡುತ್ತಿರಲಿಲ್ಲ. “ಅಕಿ ಬಾಜೂಕ ಕುಂತ್ರನ ನನಗ ಖಾತ್ರಿ ಆಗತೈತ್ರಿ” ಎನ್ನುತ್ತಿದ್ದರು.

ನಮ್ಮ ಹಳೆಯ ಪಿಕಪ್‌ನ ಪೈಪುಗಳು ತುಕ್ಕು ಹಿಡಿದಿದ್ದವು. ಮರುದಿನ ಗೋವಿನಜೋಳ ಹೇರಿಕೊಂಡು ರಾಮನಗರ ದಾಟಿ ಗೋವಾದ ಘಟ್ಟ ಇಳಿಯಬೇಕಿತ್ತು. ಮಿಸ್ತ್ರಿ ಹೊಸ ಪೈಪು ಕೂರಿಸಿ, ಪ್ರತಿ ನಟ್ಟಿನ ಸುತ್ತ ಬೆರಳಾಡಿಸಿ, ಎಣ್ಣೆ ಜಿನುಗಿದೆಯೇ ಎಂದು ಬೆರಳನ್ನು ಮೂಸಿ ನೋಡಿದರು. ಆಮೇಲೆ ಮನೆಯತ್ತ ಕೂಗಿದರು. ಹೆಂಡತಿ ಕೈಯಲ್ಲೊಂದು ಚೀಲ ಹಿಡಿದು ಬಂದು ಗಾಡಿ ಹತ್ತಿದರು.

ಬಹಳ ಹೊತ್ತಿನ ಮೇಲೆ ಮಿಸ್ತ್ರಿ ಒಬ್ಬರೇ ಮರಳಿದರು. ನಾನು ಗಾಡಿಯತ್ತ ಓಡಿ, ಖಾಲಿ ಸೀಟು ನೋಡಿ ಕೇಳಿದೆ:

“ವೈನಿ ಎಲ್ಲಿ ಅದಾರ್ರಿ?”

“ಸಂತ್ಯಾಗ ಉಳ್ಳಾಗಡ್ಡಿ ರಾಶಿ ಕಂಡು ನಿಲ್ಲಸು ಅಂದ್ಲು, ಕೊಳ್ಳಾಕ ಅಲ್ಲೇ ಇಳದ್ಲು” ಎಂದು ಕೀಲಿ ನನ್ನ ಕೈಗಿಟ್ಟರು. “ಬ್ರೇಕ್ ಒತ್ತಿದ ಕೂಡ್ಲೆ ಗಾಡಿ ಉಳ್ಳಾಗಡ್ಡಿ ಮುಂದನ ನಿಂತಿತ್ರಿ. ನೀವು ಆರಾಮ ಘಟ್ಟ ಇಳೀರಿ.”