ಅಂತ ತಿಳ್ಕೊ

ಇವತ್ತು ಮಧ್ಯಾಹ್ನ ಟ್ಯೂಷನ್ನಿನ ಮಕ್ಕಳು ಬರುವ ಮೊದಲು ನಮ್ಮ ಅಂಗಳದಲ್ಲಿ ಇಬ್ಬರು ಪುಟ್ಟ ಹುಡುಗಿಯರು ಮನೆಯಾಟ ಆಡುತ್ತಿದ್ದರು. "ನಾ ಅವ್ವ ಅಂತ ತಿಳ್ಕೊ. ನಿನಗ ಜ್ವರ ಬಂದಾವ ಅಂತ ತಿಳ್ಕೊ" ಎಂದಳು ದೊಡ್ಡವಳು. ಚಿಕ್ಕವಳು ಮುಖ ಬಾಡಿಸಿಕೊಂಡು ಮಲಗಿಯೇಬಿಟ್ಟಳು, ಕಲಬುರಗಿಯ ಜೇವರ್ಗಿ ಕಾಲೋನಿಯ ಆ ಬಿಸಿಲಲ್ಲಿ, ಕಾದ ಫರಸಿ ಕಲ್ಲಿನ ಮೇಲೆ.

ನಮ್ಮ ಕಡೆ ಈ 'ತಿಳ್ಕೊ' ಎಂಬ ಮಾತಿಗೆ ಎರಡು ಕೆಲಸ, ನೀವೂ ಗಮನಿಸಿರಬೇಕು. ಅರ್ಥ ಮಾಡಿಕೋ ಎನ್ನುವುದಕ್ಕೂ ಅದೇ, ಹಾಗೆಂದು ಊಹಿಸಿಕೋ ಎನ್ನುವುದಕ್ಕೂ ಅದೇ. ನಾನು ಗಣಿತ ಹೇಳಿಕೊಡುವವಳು. 'ಎಕ್ಸ್ ಅಂದ್ರ ಐದು ಅಂತ ತಿಳ್ಕೋರಿ' ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೇನೆ. ಹಾಗಿದ್ದೂ ಆ ಮಾತು ನನಗೆ ತಿಳಿದದ್ದು ರೋಜಾ ಬಡಾವಣೆಯ ಖುರ್ಷಿದ್ ಮೇಡಂ ಅವರ ಮಾಳಿಗೆಯ ಮೇಲೆ.

ಮೇಡಂ ಶಾಲೆಯ ನೌಕರಿಯಿಂದ ನಿವೃತ್ತರಾದವರು. ದರ್ಗಾದ ಹಿಂದಿನ ಓಣಿಯಲ್ಲಿ ಮನೆ, ಮಾಳಿಗೆಯ ಮೇಲೊಂದು ಕೋಣೆ, ಭಾನುವಾರ ಅಲ್ಲಿ ನಟನೆಯ ಕ್ಲಾಸು. ನಾನು ಸೇರಿದ್ದು ಧಾರಾವಾಹಿಯಲ್ಲಿ ಅತ್ತೆಯ ಒಂದು ಸಣ್ಣ ಪಾತ್ರವಾದರೂ ಸಿಕ್ಕೀತೆಂಬ ಆಸೆಯಿಂದ. ಹೊರಗೆ ಹೇಳಿಕೊಂಡದ್ದು ಮಾತ್ರ ಕಲಾಸೇವೆ ಎಂದು. ಮೊದಲ ದಿನ ಖಾಲಿ ಕಪ್ಪು ಕೈಗಿಟ್ಟು ಬಿಸಿ ಚಹಾ ಅಂತ ತಿಳ್ಕೊ ಎಂದರು. ನಾನು ಊದಿದ ರಭಸಕ್ಕೆ ಆರಿದ ಒಲೆ ಹೊತ್ತಿಕೊಳ್ಳಬೇಕಿತ್ತು. ಮೇಡಂ ನಗಲಿಲ್ಲ. ಕಪ್ಪಿನ ಅಂಚು ಒಡೆದಿದೆಯೇ, ಚಹಾ ಮಾಡಿದವರು ಯಾರು, ಅವರಿಗೆ ನಿನ್ನ ಮೇಲೆ ಸಿಟ್ಟಿದೆಯೇ ಎಂದು ಒಂದೊಂದಾಗಿ ಕೇಳಿದರು. ಉತ್ತರ ಕಟ್ಟುತ್ತ ಹೋದಂತೆ ಬೆರಳಿಗೆ ಬಿಸಿ ತಾಗಿತು, ನಂಬಿದರೆ ನಂಬಿ.

ಅಳುವ ದೃಶ್ಯ ಬಂದರೆ, ಬೇರೆ ಕಡೆ ಕಲಿತು ಬಂದವರು ಕಣ್ಣು ಮುಚ್ಚಿ ತಮ್ಮ ಮನೆಯ ಸಾವುನೋವು ನೆನೆಸಿಕೊಳ್ಳುತ್ತಿದ್ದರು. ಮೇಡಂಗೆ ಅದು ಸೇರುತ್ತಿರಲಿಲ್ಲ. "ನಿಂದು ನಿನಗ ಇರಲಿ ಬೇಟಾ. ವಾರಕ್ಕೊಮ್ಮೆ ಹೊರಗ ತಗದರ ಸವದು ಹೋಗ್ತದ. ಪಾತ್ರದ ದುಃಖ ಹೊಸದಾಗಿ ಕಟ್ಟು" ಎನ್ನುತ್ತಿದ್ದರು.

ಕ್ಲಾಸಿನ ನಾಟಕದಲ್ಲಿ ನನಗೆ ಬಂದ ಪಾತ್ರ, ತಾಯಿ ಸತ್ತ ಸುದ್ದಿ ಕೇಳಿಯೂ ಹೋಗದ ಮಗಳದು. ನಮ್ಮ ಮನೆಯ ಸಂಗತಿ ಮೇಡಂಗೆ ಗೊತ್ತಿರಲಿಲ್ಲ. ನನ್ನ ಅಕ್ಕನನ್ನು ಕಮಲಾಪುರಕ್ಕೆ ಕೊಟ್ಟಿದ್ದಾರೆ. ಅವ್ವ ತೀರಿಕೊಂಡಾಗ ಅವಳು ಬರಲಿಲ್ಲ. ಕಮಲಾಪುರವೇನು ಕಾಶಿಯೇ? ಬಸ್ಸು ಹತ್ತಿ ಕೂತರೆ ತಾಸಿನ ದಾರಿ. ಅವಳಿಗಾಗಿ ಮಣ್ಣು ಮಾಡುವುದನ್ನು ಸಂಜೆಯವರೆಗೆ ತಡೆದಿದ್ದೆವು. ಅಂದಿನಿಂದ ನಾನು ಅವಳೊಂದಿಗೆ ಮಾತು ಬಿಟ್ಟೆ. ಫೋನು ಬಂದರೆ ಎತ್ತುತ್ತಿರಲಿಲ್ಲ. ಬಜಾರಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕಂಡರೂ ಮುಖ ತಿರುಗಿಸುತ್ತಿದ್ದೆ, ಆ ಹಣ್ಣು ಏನು ಮಾಡಿತ್ತೋ ಪಾಪ.

ಹಾಗಾಗಿ ಪಾತ್ರ ಸುಲಭವೆನಿಸಿತು. ಸುದ್ದಿ ಕೇಳಿ, ಹಲ್ಲು ಕಚ್ಚಿ, ಕಲ್ಲಿನಂತೆ ನಿಂತೆ. ಮೇಡಂ ನನ್ನನ್ನೇ ನೋಡಿದರು.

"ಇದು ಆಕಿ ಅಲ್ಲ. ಆಕಿ ಮ್ಯಾಲ ಸಿಟ್ಟಿದ್ದಾಕಿ ಯಾರೋ ನಿಂತಾಳ ಇಲ್ಲಿ."

ಮೇಡಂ ಬಾಗಿಲ ಕಡೆ ಕೈ ತೋರಿದರು.

"ಆಕಿ ಹೊಂಟಾಳ ಅಂತ ತಿಳ್ಕೊ. ಒಂದು ಕಾಲಿಗೆ ಚಪ್ಪಲಿ ಹಾಕ್ಯಾಳ. ಇನ್ನೊಂದು ಯಾಕ ಹಾಕಲಿಲ್ಲ?"

ಒಂದೇ ಚಪ್ಪಲಿಯಲ್ಲಿ ಆ ಕೋಣೆಯ ಬಾಗಿಲಲ್ಲಿ ನಿಂತೆ. ಕಾರಣಗಳನ್ನು ಕಟ್ಟಿದೆ, ಕೆಡವಿದೆ. ಹೋಗದಿದ್ದರೆ ಅವ್ವ ಅಲ್ಲಿ ಇನ್ನೂ ರೊಟ್ಟಿ ಬಡಿಯುತ್ತಲೇ ಇರುತ್ತಾಳೆ, ಹೋದರೆ ಸತ್ತೇಹೋಗುತ್ತಾಳೆ, ಅದಕ್ಕೇ ಇವಳು ನಿಂತಳು ಎಂದು ತೋಚಿತು. ಅಳು ಬಂತು. ಯಾರ ಅಳು ಎಂದು ಕೇಳಬೇಡಿ. ಅಷ್ಟು ವರ್ಷ ಅಕ್ಕನನ್ನು ನಮ್ಮ ಮನೆಯ ಬಾಗಿಲಿನಿಂದಲೇ ಕಾದಿದ್ದೆ, ಅವಳ ಮನೆಯ ಬಾಗಿಲಲ್ಲಿ ನಿಂತು ನೋಡಿರಲಿಲ್ಲ.

ಮರುದಿನ ಕಮಲಾಪುರಕ್ಕೆ ಹೋದೆ. ಅಕ್ಕ ಏನೂ ಕೇಳದೆ ನೀರಿನ ತಂಬಿಗೆ ತಂದಿಟ್ಟಳು. ಚಹಾ ಆದ ಮೇಲೆ, ನಾನು ಕಂಡುಹಿಡಿದ ಕಾರಣವನ್ನು ದೊಡ್ಡ ಜಾಣೆಯಂತೆ ಹೇಳಿದೆ. ಅವಳು ಅಲ್ಲವೆಂದು ತಲೆಯಾಡಿಸಿದಳು.

"ಬಂದಿದ್ದೆ ನಾ. ಕಲಬುರಗಿ ಬಸ್‌ಸ್ಟ್ಯಾಂಡ್ ತನಕ ಬಂದು ತಿರುಗಿ ಹೋದೆ. ಹಿಂದಿನ ವಾರ ಫೋನಿನ್ಯಾಗ ಜಗಳಾಡಿದಾಗ ಅವ್ವ ಅಂದಿದ್ಳು, ನಾ ಸತ್ರ ನನ್ನ ಮಾರಿ ನೋಡಾಕ ಬರಬ್ಯಾಡ ಅಂತ. ಆಕಿ ಮಾತು ಒಂದೂ ಕೇಳಿದಾಕಿ ಅಲ್ಲ ನಾ. ಅದೊಂದಾದ್ರೂ ಕೇಳಬೇಕು ಅನಸ್ತು." ಆಮೇಲೆ, ತಾನು ಪಾಪಿ ಎಂದಳು.

ನನ್ನ ಊಹೆ ಅವಳ ಹೊಸ್ತಿಲಲ್ಲೇ ನಿಂತಿತ್ತು. ಅವಳು ಅದಕ್ಕಿಂತ ಎಷ್ಟೋ ದೂರ ಬಂದಿದ್ದಳು.

ಮುಂದಿನ ಭಾನುವಾರ ಮೇಡಂಗೆ ಎಲ್ಲ ಹೇಳಿ, ನಾಟಕದಲ್ಲಿ ಆ ಬಸ್‌ಸ್ಟ್ಯಾಂಡ್ ಸೇರಿಸೋಣವೇ ಎಂದು ಕೇಳಿದೆ. ಅವರು ಖಡಾಖಂಡಿತ ಬೇಡವೆಂದರು, ಅದು ನಿಮ್ಮಿಬ್ಬರದು ಎಂದರು. ನಿನ್ನೆ ಪ್ರಯೋಗದಲ್ಲಿ ಒಂದೇ ಚಪ್ಪಲಿ ಮೆಟ್ಟಿ, ನಾನು ಕಟ್ಟಿಕೊಂಡ ಕಾರಣದಿಂದಲೇ ನಿಂತೆ. ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾಟಕ ಮುಗಿದ ಮೇಲೆ ಹೇಗಿತ್ತೆಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಈಗ ಅವಳು ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು ಮೆಂತ್ಯ ಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಾಳೆ. ಬೆಳಗಿನಿಂದ ಊಟ, ಉಪ್ಪು, ನೆಂಟರ ಮದುವೆ, ಎಲ್ಲದರ ಮಾತಾಯಿತು. ಈಗಷ್ಟೇ ತಲೆಯೆತ್ತದೆ ಅಂದಳು:

"ನಿನ್ನೆ ನಾಟಕದಾಗ ಆ ಹುಡುಗಿ ಹೋಗದ ನಿಂತಳಲ್ಲ, ಆಕಿದೇನು ತಪ್ಪಿಲ್ಲ ನೋಡು."

"ಇಲ್ಲಕ್ಕ. ಆಕಿದೇನೂ ತಪ್ಪಿಲ್ಲ" ಎಂದೆ.

ಅಕ್ಕ ಪಲ್ಲೆಯ ಬುಟ್ಟಿ ಪಕ್ಕಕ್ಕಿಟ್ಟು, ಅವ್ವ ಸತ್ತ ಮೇಲೆ ಮೊದಲ ಸಲ ನನ್ನೆದುರು ಅತ್ತಳು.